ಅರವತ್ತನಾಲ್ಕು ಕಿವಿಗಳು

ಬೆಳಿಗ್ಗೆ ಹತ್ತೂವರೆಗೆ ಮೊದಲ ಗಾಳಿ ಬಂದಾಗ ಅಪೊಂಡಿ ಕಿಟಕಿ ಮುಚ್ಚಿದಳೇ ಹೊರತು ಹೆದರಲಿಲ್ಲ. ಸರೋವರದ ಮೇಲೆ ಇಂಥ ಗಾಳಿ ಬರುತ್ತದೆ, ಅರ್ಧ ತಾಸು ಎಲ್ಲವನ್ನೂ ಅಲ್ಲಾಡಿಸಿ ಹೋಗುತ್ತದೆ. ಹನ್ನೊಂದಕ್ಕೆ ಅಕ್ಕ ಅವಿತಿಯ ಫೋನ್ ಸಿಗದಿದ್ದಾಗಲೂ ಹೆದರಲಿಲ್ಲ. ರೆಂಬಾ ದ್ವೀಪದಿಂದ ರುಸಿಂಗಾದ ಈ ದಡಕ್ಕೆ ಬರುವ ದಾರಿಯಲ್ಲಿ ಮುಕ್ಕಾಲು ಪಾಲು ಯಾರ ಫೋನೂ ಸಿಗುವುದಿಲ್ಲ. ಹೆದರಿದ್ದು ಹನ್ನೊಂದೂವರೆಗೆ. ಒಣಮೀನಿನ ಮೂಟೆ ಹೇರಿಕೊಂಡು ರೆಂಬಾದಿಂದ ಬಂದ ಇನ್ನೊಂದು ದೋಣಿ ದಡ ಮುಟ್ಟಿತು. ಅದರಿಂದ ಇಳಿದವನು ನೀರು ಸುರಿಯುತ್ತಿದ್ದ ಅಂಗಿಯನ್ನು ಹಿಂಡುತ್ತ, "ಮಗಾಕನ ದೋಣಿ ನಮಗಿಂತ ಮುಂಚೇನೇ ಹೊರಟಿತ್ತಲ್ಲ, ಇನ್ನೂ ಬಂದಿಲ್ವಾ?" ಎಂದು ಕೇಳಿದನಂತೆ.

ಮಗಾಕನ ದೋಣಿಯಲ್ಲಿದ್ದವರು ಇಬ್ಬರೇ. ದೋಣಿ ನಡೆಸುವ ಮಗಾಕ, ಮೀನು ಕೊಳ್ಳಲು ಹೋಗಿದ್ದ ಅವಿತಿ.

ಸುದ್ದಿ ಗುಡ್ಡ ಹತ್ತಿ ಬಂದಾಗ ಅಪೊಂಡಿ ರೇಡಿಯೋ ಗೋಪುರದ ಬುಡದ ತಗಡಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದಳು. ಗೋಪುರದ ಮೇಲೆ ಎಂಟು ಸಾಲು, ಸಾಲಿಗೆ ಎಂಟರಂತೆ ಅರವತ್ತನಾಲ್ಕು ಆಂಟೆನಾಗಳು ಸರೋವರದ ಕಡೆ ಮುಖ ಮಾಡಿದ್ದವು. ದಡದ ಜನ ಅವನ್ನು ಅಪೊಂಡಿಯ ಕಿವಿಗಳು ಎನ್ನುತ್ತಿದ್ದರು. ಅವರ ಪ್ರತಿ ದೋಣಿಗೂ ಅವಳೇ ಕೈಯಾರೆ ಕಟ್ಟಿದ, ಮುಷ್ಟಿಗಾತ್ರದ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದಿತ್ತು. ಗುಂಡಿ ಒತ್ತಿದರೆ ಪೆಟ್ಟಿಗೆ ಹತ್ತು ನಿಮಿಷ ತನ್ನ ಸಂಖ್ಯೆಯನ್ನು ಗೋಪುರಕ್ಕೆ ಕೂಗುತ್ತಿತ್ತು. ಕೂಗುವುದಷ್ಟೇ ಅದರ ಕೆಲಸ. ಅದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಮಗಾಕನ ದೋಣಿಯ ಪೆಟ್ಟಿಗೆಯ ಸಂಖ್ಯೆ ಮೂವತ್ತೊಂದು.

ಪರದೆಯ ಮೇಲೆ ಮೂವತ್ತೊಂದು ಇರಲಿಲ್ಲ.

ಇದ್ದವು ಉಳಿದವೆಲ್ಲ. ಹನ್ನೆರಡರ ಹೊತ್ತಿಗೆ ಎಂಟು ದೋಣಿಗಳು ಹುಡುಕಲು ನೀರಿಗಿಳಿದಿದ್ದವು. ಎಂಟರಲ್ಲೂ ಗುಂಡಿ ಒತ್ತಿದ್ದರು, ಹತ್ತು ನಿಮಿಷ ತೀರಿದ ಕೂಡಲೇ ಮತ್ತೆ ಒತ್ತುತ್ತಿದ್ದರು. ಕೆಟ್ಟ ನೀರಿಗೆ ಹೋಗುವಾಗ ಒತ್ತಿ, ನೀವು ಎಲ್ಲಿದ್ದೀರೆಂದು ನನಗೆ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟವಳು ಅಪೊಂಡಿಯೇ. ಆದರೆ ಅವರು ಒತ್ತುತ್ತಿದ್ದುದು ಅದಕ್ಕಷ್ಟೇ ಅಲ್ಲ. ಆ ದಡದಲ್ಲಿ ಯಾರಾದರೂ ಕಾಣೆಯಾದರೆ ಹುಡುಕಲು ಹೋದವರು ಒಂದು ಗಳಿಗೆಯೂ ಸುಮ್ಮನಿರುವಂತಿಲ್ಲ. ಹಿಂದೆ ಡಬ್ಬಿ ಬಡಿಯುತ್ತಿದ್ದರು, ಹೆಸರು ಹಿಡಿದು ಕೂಗುತ್ತಿದ್ದರು. ಸುಮ್ಮನಾದರೆ ಕಾಣೆಯಾದವರನ್ನು ನೀರಿಗೆ ಒಪ್ಪಿಸಿದ ಹಾಗೆ. ಪೆಟ್ಟಿಗೆ ಬಂದ ಮೇಲೆ ಕೂಗು, ಡಬ್ಬಿಗಳ ಜೊತೆಗೆ ಗುಂಡಿಯೂ ಸೇರಿಕೊಂಡಿತ್ತು. ಪೆಟ್ಟಿಗೆ ಪೆಟ್ಟಿಗೆಯನ್ನು ಕೇಳುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಅವರು ತಲೆಯಾಡಿಸಿದ್ದರು, ಒತ್ತುವುದನ್ನು ಬಿಟ್ಟಿರಲಿಲ್ಲ.

ಹನ್ನೆರಡೂಕಾಲಿಗೆ ಪರದೆಯ ಪಶ್ಚಿಮದಲ್ಲಿ, ಟಕವಿರಿ ದ್ವೀಪದ ಆಚೆ ಒಂದು ಮಸುಕು ಚುಕ್ಕೆ ಕಾಣಿಸಿತು. ಸಂಖ್ಯೆ ಓದಲಾಗುತ್ತಿರಲಿಲ್ಲ. ಆದರೆ ಅಲ್ಲಿ ಹುಡುಕುವ ದೋಣಿ ಯಾವುದೂ ಇರಲಿಲ್ಲ. ಅಪೊಂಡಿ ದಡದ ಮುಖ್ಯಸ್ಥ ಒಬಿಯೆರೊಗೆ ಫೋನ್ ಮಾಡಿ, "ಸಿಕ್ಕಿದ್ರು! ಟಕವಿರಿ ಆಚೆಗೆ ಕಳಿಸಿ, ಎಲ್ಲರನ್ನೂ ಕಳಿಸಿ," ಎಂದು ಕೂಗಿದಳು. ದಡದಿಂದ ಹೆಂಗಸರ ಸಂತೋಷದ ಕೇಕೆ ಗುಡ್ಡದ ಮೇಲಿನವರೆಗೂ ಕೇಳಿಸಿತು.

ಒಂದು ಗಂಟೆಗೆ ದೋಣಿಗಳು ಟಕವಿರಿಯ ಆಚೆ ಇದ್ದವು. ಅಲ್ಲಿ ನೀರು ಬಿಟ್ಟರೆ ಏನೂ ಇಲ್ಲ ಎಂದು ಸುದ್ದಿ ಬಂತು. ಅಪೊಂಡಿ ಪರದೆ ನೋಡಿದಳು. ಚುಕ್ಕೆ ಅಲ್ಲಿಂದ ಸರಿದಿತ್ತು. ದೋಣಿಗಳು ಎಡಕ್ಕೆ ಹೋದರೆ ಅದು ಬಲಕ್ಕೆ ಹೋಗುತ್ತಿತ್ತು. ಎರಡು ದೋಣಿ ಹತ್ತಿರವಾದರೆ ಅದು ದಪ್ಪವಾಗುತ್ತಿತ್ತು, ದೂರವಾದರೆ ತೆಳ್ಳಗಾಗುತ್ತಿತ್ತು.

ಅದು ದೋಣಿಯಲ್ಲ. ಹುಡುಕುವವರ ಕೂಗುಗಳೇ ಒಂದಕ್ಕೊಂದು ಬೆರೆತು ಬಿದ್ದ ನೆರಳು.

ಅವಳು ಕುರ್ಚಿಯ ಅಂಚು ಹಿಡಿದು ಕೂತಳು. ಜೂನ್ ತಿಂಗಳಲ್ಲಿ ತಾನು ಮಾಡಿದ್ದು ನೆನಪಾಯಿತು.

ಮೊದಲು ಪ್ರತಿ ಆಂಟೆನಾದ ಹಿಂದೆಯೂ ಒಂದೊಂದು ಒಳ್ಳೆಯ ಚಿಪ್ ಇತ್ತು. ಬಂದ ಅಲೆ ಎಷ್ಟು ಎತ್ತರ ಎಂಬುದನ್ನು ಅದು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುತ್ತಿತ್ತು. ಆದರೆ ಅರವತ್ತನಾಲ್ಕೂ ಸೇರಿ ಬ್ಯಾಟರಿಯನ್ನು ಹೀರಿಬಿಡುತ್ತಿದ್ದವು. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬರದಿದ್ದರೆ ಮೂರನೆಯ ದಿನ ಗೋಪುರ ಸತ್ತು ಬಿದ್ದಿರುತ್ತಿತ್ತು. ಅದಕ್ಕೇ ಅವನ್ನು ಕಿತ್ತು ತೀರ ಸರಳವಾದವನ್ನು ಹಾಕಿದಳು. ಅವಕ್ಕೆ ಗೊತ್ತಿರುವುದು ಎರಡೇ ಮಾತು: ಮೇಲೆ, ಕೆಳಗೆ. ಅಲೆ ಎಷ್ಟು ದೊಡ್ಡದು ಎಂದು ಅವು ಹೇಳಲಾರವು. ಒಂದೊಂದರ ಮಾತು ನಂಬಲು ಯೋಗ್ಯವಲ್ಲ, ಆದರೆ ಅರವತ್ತನಾಲ್ಕರ ಮಾತನ್ನು ಕೂಡಿಸಿದರೆ ಸತ್ಯ ಹೊರಬೀಳುತ್ತದೆ. ಅವಳು ಒಂದು ದೋಣಿಯನ್ನು ದೂರ ಕಳಿಸಿ ಪರೀಕ್ಷೆ ಮಾಡಿದಳು. ಹಳೆಯವಕ್ಕಿಂತ ಏನೂ ಕಡಿಮೆಯಿಲ್ಲದೆ ಕೇಳಿಸಿತು. ನಾಲ್ಕು ದಿನ ಮೋಡ ಕವಿದರೂ ಗೋಪುರ ಸಾಯಲಿಲ್ಲ. ಖುಷಿಯಾಯಿತು.

ಒಂದು ದೋಣಿಯನ್ನು ಕಳಿಸಿದ್ದಳು. ಒಂದೇ ಒಂದನ್ನು.

ಹತ್ತಿರದಲ್ಲಿ ಎಂಟು ಪೆಟ್ಟಿಗೆ ಕಿರುಚುತ್ತಿರುವಾಗ ದೂರದ ಒಂದು ಕ್ಷೀಣ ಕೂಗು ಬಂದರೆ, ಹಳೆಯ ಚಿಪ್ ದೊಡ್ಡ ಅಲೆಯ ಬೆನ್ನ ಮೇಲಿನ ಸಣ್ಣ ಸುಕ್ಕನ್ನೂ ಕಾಣುತ್ತಿತ್ತು. ಹೊಸದು ಕಾಣದು. ದೊಡ್ಡ ಅಲೆ ಮೇಲೆ ಎಂದರೆ ಎಲ್ಲ ಕಿವಿಗಳೂ ಮೇಲೆ ಎನ್ನುತ್ತವೆ. ಸುಕ್ಕು ಇತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ. ಅಕ್ಕ ಅಲ್ಲೆಲ್ಲೋ ಗುಂಡಿ ಒತ್ತುತ್ತಿರಬಹುದು. ಆಂಟೆನಾಗಳನ್ನು ಅವಳ ಕೂಗು ಮುಟ್ಟುತ್ತಲೂ ಇರಬಹುದು. ಅಲ್ಲಿಗೆ ಬಂದು, ಒಳಗೆ ಬರಲಾರದೆ ಹೊಸ್ತಿಲಲ್ಲೇ ಸಾಯುತ್ತಿರಬಹುದು.

ಅಪೊಂಡಿ ಗುಡ್ಡ ಇಳಿದು ಓಡಿದಳು.

ದಡದಲ್ಲಿ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಬೋರಲು ಹಾಕಿದ ದೋಣಿಗಳ ನಡುವೆ ಜನ ನಿಂತಿದ್ದರು. ಅಮ್ಮ ಒಂದು ಬಲೆಯ ರಾಶಿಯ ಮೇಲೆ ಲೇಸೋ ಬಟ್ಟೆ ಹೊದ್ದು, ಕೈಗಳನ್ನು ಅದರೊಳಗೆ ಸೇರಿಸಿ, ನೀರನ್ನೇ ನೋಡುತ್ತ ಕೂತಿದ್ದಳು. ಒಬಿಯೆರೊ ನೀರಂಚಿನಲ್ಲಿ ಫೋನ್ ಹಿಡಿದು ನಿಂತಿದ್ದ. ಹುಡುಕುವ ಸಾಲಿನ ಈಚೆ ತುದಿಯ ದೋಣಿ ಭೂಶಿರದ ಹತ್ತಿರ ಫೋನ್ ಸಿಗುವಲ್ಲಿ ಇತ್ತು. ಉಳಿದವು ಒಂದರ ಕೂಗು ಇನ್ನೊಂದಕ್ಕೆ ಕೇಳುವಷ್ಟು ದೂರದಲ್ಲಿ ಸಾಲಾಗಿ ಹರಡಿದ್ದವು. ಹೇಳಬೇಕಾದ್ದನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಸಾಲಿನ ಆ ತುದಿಯ ದೋಣಿಯಲ್ಲಿ ಒಬಿಯೆರೊನ ಮಗ ಒಚೋಲ ಇದ್ದ.

"ಜದುವೊಂಗ್," ಎಂದಳು ಅಪೊಂಡಿ. ಹಿರಿಯರನ್ನು ಅಲ್ಲಿ ಹಾಗೇ ಕರೆಯುವುದು. "ಎಲ್ಲರೂ ಪೆಟ್ಟಿಗೆ ಆರಿಸ್ಬೇಕು. ಎಲ್ಲರೂ. ಈಗ್ಲೇ."

"ಏನಂದೆ?"

"ಟಕವಿರೀಲಿ ಕಂಡಿದ್ದು ಅಕ್ಕ ಅಲ್ಲ. ನಮ್ಮವರ ಪೆಟ್ಟಿಗೆಗಳದ್ದೇ ನೆರಳು. ಇವರು ಕೂಗ್ತಿರೋವರೆಗೂ ನಂಗೆ ಅವಳು ಕೇಳಿಸಲ್ಲ."

ಒಬಿಯೆರೊ ಅವಳ ಮುಖ ನೋಡಿದ. "ಹೋದ ವರ್ಷ ಇದೇ ಜಾಗದಲ್ಲಿ ನಿಂತು ಏನು ಹೇಳಿದ್ದೆ ಮಗಳೇ? ನೂರು ಜನ ಒಟ್ಟಿಗೆ ಕೂಗಿದ್ರೂ ನೂರು ಜನಾನೂ ಕೇಳಿಸ್ತಾರೆ ಅಂದಿದ್ದೆ. ನಾವು ಚಪ್ಪಾಳೆ ಹೊಡೆದಿದ್ವಿ."

"ಆಗ ಕೇಳಿಸ್ತಿತ್ತು."

"ಈಗ?"

"ಈಗ ಬೇರೆ ಚಿಪ್ ಹಾಕಿದೀನಿ. ಜೂನ್‌ನಲ್ಲಿ."

"ಯಾರಿಗೆ ಹೇಳಿದೆ?"

ಅವಳು ಯಾರಿಗೂ ಹೇಳಿರಲಿಲ್ಲ.

ಪಕ್ಕದಲ್ಲಿ ಎಂಜಿನ್ ಬಿಚ್ಚಿಕೊಂಡು ಕೂತಿದ್ದವನೊಬ್ಬ ತಲೆಯೆತ್ತಿದ. "ಜೂನಿಂದ ನಾವು ಬರೀ ಕಂಬಕ್ಕೆ ಬಾಯಿ ಬಡ್ಕೊಳ್ತಿದ್ವಾ ಹಾಗಾದ್ರೆ? ಚೆನ್ನಾಗಿದೆ. ನನ್ನ ಹೆಂಡ್ತೀನೇ ವಾಸಿ, ಬೇಕಾದಾಗಾದ್ರೂ ಕೇಳಿಸ್ಕೊಳ್ತಾಳೆ."

ಯಾರೂ ನಗಲಿಲ್ಲ.

"ಈ ನೀರಲ್ಲಿ ಪೆಟ್ಟಿಗೆ ಆರಿಸಿದ್ರೆ," ಎಂದ ಒಬಿಯೆರೊ, ಒಂದೊಂದೇ ಮಾತನ್ನು ತೂಗಿ, "ಅವರಲ್ಲಿ ಒಬ್ಬ ಮಗುಚಿಕೊಂಡ್ರೂ ನಮಗೆ ಗೊತ್ತಾಗಲ್ಲ. ಇಬ್ಬರನ್ನ ಹುಡುಕೋಕೆ ಹದಿನಾರು ಜನರನ್ನ ಕತ್ತಲಲ್ಲಿಡು ಅಂತೀಯ. ಅದೂ ಅಲ್ದೆ, ಹುಡುಕೋಕೆ ಹೋದವರು ಸುಮ್ನಾಗೋದು ಅಂದ್ರೇನು ಅಂತ ನಿಂಗೊತ್ತು. ನೀನೂ ಇಲ್ಲೇ ಹುಟ್ಟಿದೋಳು."

"ಗೊತ್ತು ಜದುವೊಂಗ್."

"ಗೊತ್ತಿದ್ದೂ ಕೇಳ್ತಿದೀಯ."

"ಹತ್ತು ನಿಮಿಷ ಸಾಕು. ಡಬ್ಬೀನೂ ಬೇಡ ಅನ್ನಲ್ಲ, ಬಾಯಲ್ಲಿ ಕೂಗೋದೂ ಬೇಡ ಅನ್ನಲ್ಲ. ಪೆಟ್ಟಿಗೆ ಮಾತ್ರ."

"ಹತ್ತು ನಿಮಿಷದಲ್ಲಿ ಕೇಳಿಸದಿದ್ರೆ?"

ಗಾಳಿ ಅವಳ ಕಣ್ಣಲ್ಲಿ ನೀರು ತರಿಸಿತ್ತು, ಅಥವಾ ಗಾಳಿಯಲ್ಲ. "ಆಗ ಅವಳು ಕೂಗ್ತಿಲ್ಲ ಅಂತ."

ಒಬಿಯೆರೊ ನೀರಿನ ಕಡೆ ತಿರುಗಿದ. ಆಮೇಲೆ ಫೋನಿಗೆ ಹೇಳಿದ: "ಎಲ್ಲ ಪೆಟ್ಟಿಗೆ ಆರಿಸಿ. ಹೌದು, ಎಲ್ಲ. ಕೊನೇ ದೋಣೀವರೆಗೂ ದಾಟಿಸಿ. ನಾನು ಹೇಳಿದೆ ಅನ್ನು." ಅವಳ ಕಡೆ ತಿರುಗದೆಯೇ, "ಒಂದೂ ಮೂವತ್ತು. ಒಂದೂ ನಲವತ್ತಕ್ಕೆ ಹಾಕಿಸ್ತೀನಿ," ಎಂದ.

ಅವಳು ಕೋಣೆಗೆ ಬಂದು ಬಾಗಿಲು ಎಳೆದುಕೊಂಡಾಗ ಮೊದಲ ದೋಣಿ ಆಗಲೇ ಆರಿತ್ತು. ಆಮೇಲೆ ಎರಡನೆಯದು. ನೀರಿನ ಮೇಲೆ ಒಂದು ಮಾತು ಬಾಯಿಂದ ಬಾಯಿಗೆ ದಾಟಿ ಹೋಗುವುದನ್ನು ಅವಳು ಪರದೆಯ ಮೇಲೆ ಕಂಡಳು. ಸಾಲಿನ ಚುಕ್ಕೆಗಳು ಒಂದೊಂದಾಗಿ ಇಲ್ಲವಾದವು. ಐದು, ಆರು, ಏಳು. ಕೊನೆಯದು ಒಚೋಲನದು. ಅದು ಹೆಚ್ಚು ಹೊತ್ತು ಉಳಿದು, ಆಮೇಲೆ ಆರಿತು. ಟಕವಿರಿಯ ನೆರಳೂ ಅದರೊಂದಿಗೇ ಅಳಿಸಿಹೋಯಿತು.

ಆದರೂ ಅರವತ್ತನಾಲ್ಕು ಕಿವಿಗಳು ಒಟ್ಟಾಗಿ ಮೇಲೆ, ಕೆಳಗೆ ಎನ್ನುತ್ತಲೇ ಇದ್ದವು.

ಯಾರೋ ಇನ್ನೂ ಕೂಗುತ್ತಿದ್ದರು. ಬಹಳ ಹತ್ತಿರದಿಂದ, ಎಂಟು ದೋಣಿಗಳಿಗಿಂತಲೂ ಜೋರಾಗಿ. ಒಂದೂ ಮೂವತ್ತಮೂರು. ಅವಳು ಸಂಖ್ಯೆ ನೋಡಿದಳು. ಎರಡು.

ಎರಡನೆಯ ಸಂಖ್ಯೆಯ ಪೆಟ್ಟಿಗೆ ಯಾವ ದೋಣಿಯಲ್ಲೂ ಇರಲಿಲ್ಲ. ಅದು ಅವಳು ಮೊದಮೊದಲು ಮಾಡಿದ್ದು, ಮನೆಯ ಕಪಾಟಿನಲ್ಲಿ ಇಟ್ಟಿದ್ದು. ನೀರಿನ ಮೇಲಿನ ಚುಕ್ಕೆಗಳನ್ನಷ್ಟೇ ನೋಡುತ್ತಿದ್ದವಳು ಇಷ್ಟು ಹೊತ್ತು ಇದನ್ನು ಗಮನಿಸಿರಲಿಲ್ಲ.

ಲೇಸೋ ಒಳಗೆ ಸೇರಿಸಿದ್ದ ಕೈಗಳು.

ಗುಡ್ಡ ಇಳಿಯುವಾಗ ಕಾಲು ಜಾರಿ ಒಂದು ಸಲ ಬಿದ್ದಳು, ಮೊಣಕೈ ಕೆತ್ತಿಹೋಯಿತು, ಎದ್ದು ಓಡಿದಳು. ಅಮ್ಮ ಅಲ್ಲೇ ಇದ್ದಳು. ಅಪೊಂಡಿ ಅವಳ ಮುಂದೆ ಮಂಡಿಯೂರಿ ಬಟ್ಟೆ ಸರಿಸಿದಳು. ಕಿತ್ತಳೆ ಪೆಟ್ಟಿಗೆ ಎರಡೂ ಕೈಗಳ ನಡುವೆ ಇತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು, ಉಗುರು ಬೆಳ್ಳಗಾಗಿತ್ತು.

"ಅಮ್ಮಾ, ಕೊಡು."

"ಇಲ್ಲ."

"ಅಮ್ಮಾ, ಇದು ಅವಳಿಗೆ ಕೇಳಿಸಲ್ಲ. ಒಂದು ಚೂರೂ ಕೇಳಿಸಲ್ಲ."

"ನೀನು ಹೇಳ್ತೀಯ." ಅಮ್ಮ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಬೆಳಿಗ್ಗೆಯಿಂದ ಬಿಟ್ಟಿಲ್ಲ ನಾನು. ಸುದ್ದಿ ಬರೋಕೂ ಮುಂಚೆ, ಗಾಳಿ ಎದ್ದಾಗಿಂದ. ನಾನು ಬಿಟ್ರೆ ಅವಳೂ ಬಿಡ್ತಾಳೆ."

"ನೀನು ಬಿಡದಿದ್ರೆ ನಂಗೆ ಅವಳು ಸಿಗಲ್ಲ."

"ಒಂದು ಸಲ ಸಿಕ್ಕಳು ಅಂದೆ. ಕೂಗಿದೆ. ನಾವೆಲ್ಲ ಕುಣಿದ್ವಿ. ಎಲ್ಲಿ?"

ಅಪೊಂಡಿ ಅಮ್ಮನ ಹೆಬ್ಬೆರಳನ್ನು ಹಿಡಿದಳು. ಎಂದೂ ತಾಯಿಯ ಮೈಮೇಲೆ ಬಲ ಹಾಕಿದವಳಲ್ಲ. ಆ ಬೆರಳು ಅಷ್ಟು ತಣ್ಣಗೆ, ಅಷ್ಟು ಗಟ್ಟಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಕಿರುಚಲಿಲ್ಲ. ಹಲ್ಲು ಕಚ್ಚಿ ಎಳೆದಳು. ಇಬ್ಬರೂ ಬಲೆಯ ರಾಶಿಯ ಮೇಲೆ ಒಂದು ಪೆಟ್ಟಿಗೆಗಾಗಿ ಮಕ್ಕಳ ಹಾಗೆ ಕಿತ್ತಾಡುವುದನ್ನು ಇಡೀ ದಡ ನೋಡಿತು. ಕೊನೆಗೆ ಬೆರಳು ಬಿಟ್ಟುಕೊಂಡಿತು. ಅಪೊಂಡಿ ಪೆಟ್ಟಿಗೆಯ ಬೆನ್ನು ಒಡೆದು ಬ್ಯಾಟರಿ ಕಿತ್ತಳು.

"ಅವಳನ್ನ ನೀನೇ ಬಿಟ್ಟುಕೊಟ್ಟೆ," ಎಂದಳು ಅಮ್ಮ. ಸಿಟ್ಟಿಲ್ಲದೆ, ಮಳೆ ನಿಂತಿತು ಎನ್ನುವ ಹಾಗೆ.

ಒಂದೂ ಮೂವತ್ತೇಳು.

ಮತ್ತೆ ಗುಡ್ಡ ಹತ್ತಿ ಪರದೆಯ ಮುಂದೆ ನಿಂತಳು. ಈಗ ಕಿವಿಗಳಿಗೆ ಯಾರ ಆಜ್ಞೆಯೂ ಇರಲಿಲ್ಲ. ಒಂದೊಂದೂ ತನಗೆ ತೋಚಿದ್ದನ್ನು ಹೇಳುತ್ತಿತ್ತು. ಮೂವತ್ತೆರಡು ಮೇಲೆ, ಮೂವತ್ತೆರಡು ಕೆಳಗೆ. ಮೂವತ್ತು, ಮೂವತ್ತನಾಲ್ಕು. ಬರೀ ಗದ್ದಲ. ಸರೋವರ, ಮೋಡ, ತಂತಿಗಳ ಬಿಸಿ, ಎಲ್ಲದರ ಗದ್ದಲ. ಇಂಥ ಗದ್ದಲದಲ್ಲೇ ಸಣ್ಣ ಕೂಗು ಬದುಕುತ್ತದೆ ಎಂದು ಅವಳು ಓದಿದ್ದಳು, ಬರೆದಿದ್ದಳು, ಬೇರೆಯವರಿಗೆ ಪಾಠವನ್ನೂ ಹೇಳಿದ್ದಳು. ತಕ್ಕಡಿ ಸಮವಾಗಿ ತೂಗಾಡುತ್ತಿರುವಾಗ ಒಂದು ಧೂಳಿನ ಕಣ ಬಿದ್ದರೂ ಅದು ಆ ಕಡೆಗೆ ಚೂರು ಹೆಚ್ಚು ಹೊತ್ತು ವಾಲುತ್ತದೆ. ಆ ಚೂರನ್ನು ಕೂಡಿಸಬೇಕು, ಕೂಡಿಸುತ್ತಲೇ ಇರಬೇಕು. ಪಾಠ ಹೇಳುವಾಗ ಕಣದ ಆ ತುದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದೂ ಮೂವತ್ತೆಂಟು. ಏನೂ ಇಲ್ಲ.

ಅವಳು ಉಸಿರು ಬಿಡಲೂ ಹೆದರಿದಳು, ತನ್ನ ಉಸಿರೂ ಆಂಟೆನಾಗಳಿಗೆ ಕೇಳಿಸುತ್ತದೇನೋ ಎಂಬಂತೆ. ಇಷ್ಟು ನಿಶ್ಶಬ್ದ ತಾನೇ ಮಾಡಿದ್ದು. ಇದರೊಳಗೆ ಅಕ್ಕ ಇಲ್ಲದಿದ್ದರೆ ಇನ್ನು ಯಾವ ಗದ್ದಲದ ಮರೆಯಲ್ಲೂ ಅವಳನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಚುಕ್ಕೆಗಳು ಉರಿಯುತ್ತಿದ್ದಾಗಲೇ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು.

ಒಂದೂ ಮೂವತ್ತೊಂಬತ್ತು. ಉತ್ತರದಲ್ಲಿ, ಯಾರೂ ಹುಡುಕದ ಬಯಲು ನೀರಿನಲ್ಲಿ, ಲೆಕ್ಕ ಒಂದು ಕಡೆ ವಾಲಿತು. ಮೂವತ್ತಮೂರು ಮೇಲೆ, ಮೂವತ್ತೊಂದು ಕೆಳಗೆ. ವಾಲಿ, ನಿಂತು, ಮತ್ತೆ ಅಲ್ಲೇ ವಾಲಿತು. ಸಂಖ್ಯೆಯ ಮೊದಲ ಅಂಕಿ ನಿಧಾನವಾಗಿ ಮೂಡಿತು. ಮೂರು.

ಇದೂ ನೆರಳಾಗಿದ್ದರೆ? ಅವಳು ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿದಳು. ನೆರಳು ಬೀಳಲು ಯಾರಾದರೂ ನಿಂತಿರಬೇಕು. ಈಗ ಯಾರೂ ನಿಂತಿಲ್ಲ. ಎಲ್ಲರೂ ಆರಿದ ಮೇಲೆ ಬಂದದ್ದು ಇದು. ಎರಡನೆಯ ಅಂಕಿ ಬಂತು. ಒಂದು.

ಅವಳು ಒಬಿಯೆರೊಗೆ ಫೋನ್ ಮಾಡಿದಳು. "ಜದುವೊಂಗ್, ಹಾಕಿಸ್ಬೇಡಿ. ಉತ್ತರಕ್ಕೆ ಕಳಿಸಿ. ಭೂಶಿರದಿಂದ ನೇರ ಉತ್ತರ."

"ಈ ಸಲ ಅವಳೇನಾ?"

"ಅವಳ ಪೆಟ್ಟಿಗೆ."

ಪೆಟ್ಟಿಗೆ ಎಂದದ್ದನ್ನು ಅವನು ಗಮನಿಸಿದ. ಅವಳೂ ಗಮನಿಸಿದಳು. "ಪೆಟ್ಟಿಗೆ ಆರಿಸ್ಕೊಂಡೇ ಹೋಗ್ಬೇಕಾ?" ಎಂದ ಅವನು.

"ಹೂಂ. ಒಂದು ಹತ್ತಿದ್ರೂ ಇವಳು ಹೋಗ್ತಾಳೆ."

"ಒಚೋಲ ಇದಾನೆ ಆ ತುದೀಲಿ."

"ಗೊತ್ತು."

ಬರೀ ಗಾಳಿ ಕೇಳಿಸಿತು. ಅವನು ಫೋನ್ ಇಟ್ಟುಬಿಟ್ಟನೆಂದು ಅವಳು ಎಣಿಸಿದಳು. ಆಮೇಲೆ ದೂರದಲ್ಲಿ, ಫೋನಿನಲ್ಲಲ್ಲ, ಗುಡ್ಡದ ಕೆಳಗಿನಿಂದಲೇ, ಅವನ ದೊಡ್ಡ ದನಿ ಇನ್ನೊಂದು ಫೋನಿಗೆ ಅರಚುವುದು ಕೇಳಿಸಿತು: "ಉತ್ತರ! ಉತ್ತರ ಅಂತ ದಾಟಿಸೋ! ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ ಅನ್ನು!"

ಅಲ್ಲಿಂದಾಚೆಗೆ ಅವಳಿಗೆ ಮಾಡಲು ಏನೂ ಉಳಿಯಲಿಲ್ಲ. ಪರದೆಯ ಮೇಲೆ ಹುಡುಕುವವರು ಯಾರೂ ಇರಲಿಲ್ಲ. ಒಂದು ಮಸುಕು ಮೂವತ್ತೊಂದು, ಸುತ್ತ ಖಾಲಿ ನೀರು. ಆ ಖಾಲಿಯಲ್ಲಿ ಹದಿನಾರು ಜನ ಇದ್ದರು. ಇದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮೂವತ್ತೊಂದು ಬಡಿಯುತ್ತಿತ್ತು. ನಡುವೆ ಎರಡು ಸಲ ಹೋಯಿತು, ಎರಡೂ ಸಲ ಮತ್ತೆ ಬಂತು. ಯಾರೋ ಮತ್ತೆ ಒತ್ತಿರಬೇಕು. ಒತ್ತಿದ್ದಾರೆ ಎಂದರೆ ಬೆರಳಿದೆ. ಅವಳು ಆ ಬೆರಳನ್ನು ಹಿಡಿದು ಕೂತಳು.

ಎರಡು ಗಂಟೆ ಐದು ನಿಮಿಷಕ್ಕೆ ಅದು ನಿಂತಿತು.

ಕ್ಷೀಣಿಸಿ ಹೋಗಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ಹತ್ತು ನಿಮಿಷ ತೀರಿರಲಿಲ್ಲ. ಅವಳು ಕಾದಳು. ಎರಡೂ ಹತ್ತು. ಎರಡೂ ಕಾಲು. ಕಿವಿಗಳು ಮೂವತ್ತೆರಡು ಮೇಲೆ, ಮೂವತ್ತೆರಡು ಕೆಳಗೆ ಎನ್ನುತ್ತಿದ್ದವು. ನೀರು ಒಳಗೆ ನುಗ್ಗಿದರೆ ಪೆಟ್ಟಿಗೆ ಹೀಗೇ ನಿಲ್ಲುತ್ತದೆ. ಅವಳೇ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ್ದಳು. ಒಬಿಯೆರೊಗೆ ಫೋನ್ ಮಾಡಲಿಲ್ಲ. ಅವನು ಮಾಡಿದಾಗ ಎತ್ತಲಿಲ್ಲ. ಅವನೂ ಎರಡನೆಯ ಸಲ ಮಾಡಲಿಲ್ಲ.

ಮೂರಕ್ಕೆ ಹತ್ತು ನಿಮಿಷ ಇದ್ದಾಗ ಎಂಜಿನ್ ಸದ್ದು ಕೇಳಿಸಿತು. ಅವಳು ಹೊರಗೆ ಬಂದು ಬಾಗಿಲಲ್ಲಿ ನಿಂತಳು, ಕೆಳಗೆ ಇಳಿಯಲಿಲ್ಲ. ಭೂಶಿರದ ತಿರುವಿನಲ್ಲಿ ಒಂದೊಂದೇ ದೋಣಿ ಬಂದವು. ಎಂಟು. ಎಂಟೂ. ಕೊನೆಯದು ತೀರ ತಗ್ಗಿ ಬರುತ್ತಿತ್ತು, ಅದರಲ್ಲಿ ಇಬ್ಬರಿರಬೇಕಾದಲ್ಲಿ ನಾಲ್ವರಿದ್ದರು. ಅದರ ಮೂತಿಯಲ್ಲಿ ಒಚೋಲ ನಿಂತು ಎರಡೂ ಕೈ ಬೀಸುತ್ತಿದ್ದ.

ಅವಳು ದಡ ಸೇರುವ ಹೊತ್ತಿಗೆ ಮಗಾಕನನ್ನು ಇಳಿಸುತ್ತಿದ್ದರು. ಕಾಲು ಮುರಿದಿತ್ತು, ಮುಖ ಬೂದಿಯಾಗಿತ್ತು. ಅಪೊಂಡಿ ಒಚೋಲನ ತೋಳು ಹಿಡಿದಳು. "ಪೆಟ್ಟಿಗೆ ಯಾಕೆ ನಿಂತಿತು? ಎರಡೂ ಐದಕ್ಕೆ?"

"ಸಿಕ್ಕಿದ ತಕ್ಷಣ ನಾನೇ ಆರಿಸ್ದೆ," ಎಂದ ಅವನು ಅಚ್ಚರಿಯಿಂದ. "ಎಲ್ಲ ಪೆಟ್ಟಿಗೆ ಆರಿಸಿ ಅಂದ್ರಲ್ಲ! ಅಪ್ಪ ಕೈ ಮುರೀತೀನಿ ಬೇರೆ ಅಂದಿದಾರೆ."

ಅವಿತಿ ಬೋರಲು ದೋಣಿಯೊಂದಕ್ಕೆ ಒರಗಿ ಕೂತಿದ್ದಳು. ಯಾರೋ ಮೂರು ಲೇಸೋ ಹೊದಿಸಿದ್ದರು. ಅಮ್ಮ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಿತಿಯ ಹಲ್ಲು ಕಟಕಟಿಸುತ್ತಿದ್ದವು. ತಂಗಿಯನ್ನು ಕಂಡು ಅವಳು ನಕ್ಕಳು.

"ಕತ್ತೆ," ಎಂದಳು. "ಇಷ್ಟು ಹೊತ್ತಾ ಬರೋಕೆ? ಮಗಾಕ ಬಿಟ್ಟುಬಿಡು ಅಂದ, ಯಾರೂ ಬರಲ್ಲ ಅಂದ. ನಾನು ಹೇಳ್ದೆ, ಲೋ, ನನ್ನ ತಂಗಿ ಮೇಲೆ ಕೂತು ಕೇಳಿಸ್ಕೊಳ್ತಿದಾಳೆ, ಒತ್ತಿದ್ದೆಲ್ಲ ಅವಳಿಗೆ ಮುಟ್ತಿದೆ ಅಂತ. ಅದೊಂದರ ಮೇಲೇ ಹಿಡ್ಕೊಂಡಿದ್ದೆ. ಹತ್ತು ಮುಕ್ಕಾಲಿಂದ ಒತ್ತಿದೀನಿ. ಯಾವಾಗಿಂದ ಕೇಳಿಸ್ತು ನಿಂಗೆ? ಮೊದಲನೇ ಸಲಾನೇ ಕೇಳಿಸ್ತಾ?"

ಅಮ್ಮನ ಕೈ ನಿಂತಿತು. ಒಬಿಯೆರೊ ಅಲ್ಲೇ ಇದ್ದ. ಎಂಜಿನ್ ಬಿಚ್ಚುತ್ತಿದ್ದವನೂ ಇದ್ದ. ದೋಣಿಗಳಿಂದ ಇಳಿದವರು ನೀರು ಸುರಿಸುತ್ತ ಸುತ್ತ ಬಂದು ನಿಂತಿದ್ದರು. ಪ್ರತಿ ದೋಣಿಯ ಪಕ್ಕೆಯಲ್ಲೂ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದು ಕಟ್ಟಿತ್ತು.

ಹೌದು ಎಂದು ಹೇಳಿಬಿಡಬಹುದಿತ್ತು. ಇವತ್ತಿನ ಮಟ್ಟಿಗೆ ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ.

"ಇಪ್ಪತ್ತಾರು ನಿಮಿಷ," ಎಂದಳು ಅಪೊಂಡಿ. "ಕೊನೇ ಇಪ್ಪತ್ತಾರು ನಿಮಿಷ ಮಾತ್ರ. ಅದಕ್ಕೂ ಮುಂಚೆ ನೀನು ಒತ್ತಿದ್ದು ಒಂದೂ ಕೇಳಿಸಲಿಲ್ಲ ಅಕ್ಕ."

ಅವಿತಿಯ ನಗು ಮುಖದ ಮೇಲೆ ಹಾಗೇ ಉಳಿಯಿತು, ಅದರ ಹಿಂದೆ ಯಾರೂ ಇರಲಿಲ್ಲ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೂನಿನಿಂದ ಈಚೆಗೆ ತಾವು ತಾವು ನೀರಿನ ಮೇಲೆ ಗುಂಡಿ ಒತ್ತಿದ ದಿನಗಳನ್ನು ಒಬ್ಬೊಬ್ಬರೂ ಒಳಗೇ ತೆಗೆದು ನೋಡುತ್ತಿದ್ದರು. ಅಪೊಂಡಿಗೆ ಅದು ಕಾಣುತ್ತಿತ್ತು. ಮುಂದಿನ ಮಾತು ಯಾರ ಬಾಯಿಂದ ಬರುತ್ತದೋ ಎಂದು ಅವಳು ಒಂದೊಂದೇ ಮುಖವನ್ನು ನೋಡುತ್ತ ನಿಂತಳು.